ಪದವಿ ಹೋಯಿತು, ಹೊಣೆ ಯಾರದು?

ಪಾವಗಡದಿಂದ ಹೊರಡುವ ಬಸ್ಸಿನ ಬೋರ್ಡಿನ ಮೇಲೆ ‘ವೈ.ಎನ್. ಹೊಸಕೋಟೆ’ ಎಂದು ಬರೆದಿರುತ್ತದೆ. ನಾಡಿನಲ್ಲಿ ಹೊಸಕೋಟೆ ಎಂಬ ಹೆಸರಿನ ಊರುಗಳು ಹಲವು. ಬೆಂಗಳೂರಿನ ಮಗ್ಗುಲಲ್ಲೇ ಒಂದಿದೆ. ಗುರುತು ತಪ್ಪದಿರಲಿ ಎಂಬಂತೆ ಈ ಊರಿಗೆ ಎರಡು ಇನಿಷಿಯಲ್‌ಗಳು ಅಂಟಿಕೊಂಡಿವೆ. ಬಿಡಿಸಿ ಓದಿದರೆ ಅದು ಯಲ್ಲಪ್ಪ ನಾಯಕನ ಹೊಸಕೋಟೆ. ರೇಷ್ಮೆ ಸೀರೆಯ ಮಗ್ಗಗಳಿಗೆ ಹೆಸರಾದ ಊರು. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ಗಡಿ. ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿದರೂ ಯಾರಿಗೂ ಆಶ್ಚರ್ಯವಿಲ್ಲ.

ಈ ಎರಡು ಇನಿಷಿಯಲ್‌ಗಳಲ್ಲಿ ಮೊದಲನೆಯದು ಒಬ್ಬ ಮನುಷ್ಯನ ಹೆಸರು. ಎರಡನೆಯದು ಹೆಸರಲ್ಲ, ಪದವಿ. ಇಂದು ‘ನಾಯಕ’ ಎಂದರೆ ಸಿನಿಮಾದ ಹೀರೊ ಅಥವಾ ರಾಜಕೀಯ ಪಕ್ಷದ ಮುಖಂಡ ನೆನಪಾಗುತ್ತಾನೆ. ನಾನೂರು ವರ್ಷಗಳ ಹಿಂದೆ ಆ ಮಾತಿಗೆ ಲೆಕ್ಕ ಹಾಕಿ ತೋರಿಸಬಹುದಾದ ಅರ್ಥವಿತ್ತು. ಇಷ್ಟು ಭೂಮಿ, ಅದಕ್ಕೆ ಇಷ್ಟು ಆಳು, ಇಷ್ಟು ಕುದುರೆ, ಇಷ್ಟು ಕಪ್ಪ ಎಂಬ ಲೆಕ್ಕ ಅದು. ಇಂಥ ಲೆಕ್ಕ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಮಧ್ಯಯುಗದ ಯೂರೋಪಿನಲ್ಲಿ ಡ್ಯೂಕ್, ಅರ್ಲ್, ಬ್ಯಾರನ್ ಎಂದು ಕರೆಸಿಕೊಂಡವರೂ ಹೀಗೆಯೇ ಲೆಕ್ಕಕ್ಕೆ ಕಟ್ಟುಬಿದ್ದವರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪದವಿ ಎಂಬುದರ ಒಳಗಡೆ ಏನಿತ್ತು, ಅದು ಹೋದ ಮೇಲೆ ಏನೇನು ಹೋಯಿತು ಎಂಬುದು ಸ್ವಲ್ಪ ನಿಚ್ಚಳವಾಗುತ್ತದೆ.

ಜೋಳ ಮತ್ತು ರೊಟ್ಟಿ

ಇಂಗ್ಲಿಷಿನ ‘ಲಾರ್ಡ್’ ಎಂಬ ಪದವನ್ನು ಕೇಳಿದರೆ ರೇಷ್ಮೆ ನಿಲುವಂಗಿ, ಅರಮನೆ, ಬೇಟೆನಾಯಿ ಕಣ್ಣಿಗೆ ಕಟ್ಟುತ್ತವೆ. ಆ ಪದದ ಮೂಲ ಮಾತ್ರ ಅಡುಗೆಮನೆಯಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಹ್ಲಾಫ್‌ವೆಯರ್ಡ್’. ರೊಟ್ಟಿಯನ್ನು ಕಾಯುವವನು ಎಂದು ಅರ್ಥ. ಅವನ ಆಶ್ರಯದಲ್ಲಿದ್ದ ಆಳಿಗೆ ‘ಹ್ಲಾಫ್‌ಏಟ’, ಅಂದರೆ ರೊಟ್ಟಿ ತಿನ್ನುವವನು ಎಂದು ಹೆಸರು. ಒಬ್ಬ ರೊಟ್ಟಿ ಕೊಡುವವನು, ಇನ್ನೊಬ್ಬ ತಿನ್ನುವವನು. ಒಡೆತನದ ಇಡೀ ವ್ಯವಸ್ಥೆ ಈ ಎರಡು ಪದಗಳ ನಡುವೆ ನಿಂತಿತ್ತು.

ಇದನ್ನು ಓದಿದ ಕನ್ನಡಿಗನಿಗೆ ಕೂಡಲೇ ನೆನಪಾಗುವುದು ‘ಜೋಳವಾಳಿ’. ಹಳಗನ್ನಡ ಕಾವ್ಯಗಳಲ್ಲೂ ಶಾಸನಗಳಲ್ಲೂ ಬರುವ ಮಾತಿದು. ಒಡೆಯನ ಜೋಳ ಉಂಡವನು ಆ ಋಣವನ್ನು ಯುದ್ಧದಲ್ಲಿ ತೀರಿಸಬೇಕೆಂಬುದು ಅದರ ತಾತ್ಪರ್ಯ. ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ‘ವೇಳೆವಾಳಿ’; ಒಡೆಯ ಸತ್ತರೆ ತಾನೂ ಬದುಕಿರುವುದಿಲ್ಲವೆಂಬ ಭಾಷೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ, ದೊರೆ ತೀರಿಕೊಂಡಾಗ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಬಿಟ್ಟದ್ದನ್ನು ಆ ಕಂಬ ಹೇಳುತ್ತದೆ. ಬಲ್ಲಾಳ ಸತ್ತದ್ದು 1220ರಲ್ಲಿ.

ಸುಮಾರು ಅದೇ ಕಾಲದಲ್ಲಿ ಯೂರೋಪಿನಲ್ಲಿಯೂ ಒಂದು ವಿಧಿ ನಡೆಯುತ್ತಿತ್ತು. ಭೂಮಿ ಪಡೆಯುವವನು ತಲೆಯ ಮೇಲಿನದನ್ನು ತೆಗೆದು, ಸೊಂಟದ ಕತ್ತಿ ಬಿಚ್ಚಿಟ್ಟು, ಒಡೆಯನ ಮುಂದೆ ಮಂಡಿಯೂರುತ್ತಿದ್ದ. ಎರಡು ಕೈಗಳನ್ನೂ ಜೋಡಿಸಿ ಒಡೆಯನ ಕೈಗಳ ನಡುವೆ ಇಟ್ಟು ‘ನಾನು ನಿನ್ನವನು’ ಎಂಬರ್ಥದ ಮಾತು ಹೇಳುತ್ತಿದ್ದ. ನಂತರ ಒಡೆಯ ಅವನನ್ನು ಎಬ್ಬಿಸಿ ಭೂಮಿಯ ಗುರುತಾಗಿ ಒಂದು ಹೆಂಟೆ ಮಣ್ಣನ್ನೋ ಕಡ್ಡಿಯನ್ನೋ ಕೈಗೆ ಕೊಡುವುದೂ ಇತ್ತು. ಆ ಭೂಮಿಗೆ ‘ಫೀಫ್’ ಎಂದು ಹೆಸರು. ನಮ್ಮ ಹಳ್ಳಿಯವರಿಗೆ ಅರ್ಥವಾಗುವಂತೆ ಹೇಳುವುದಾದರೆ ಉಂಬಳಿ. ಉಣ್ಣುವುದಕ್ಕೆ ಬಿಟ್ಟ ಭೂಮಿಯೇ ಉಂಬಳಿ ತಾನೆ! ಇಲ್ಲಿ ಕೂಡ ಪದವಿಯ ಬುಡದಲ್ಲಿರುವುದು ಊಟವೇ.

ಮೆಟ್ಟಿಲುಗಳ ಹೆಸರು

ಯೂರೋಪಿನ ಪದವಿಗಳನ್ನು ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂದು ಸಾಲಾಗಿ ಹೇಳುವ ಪದ್ಧತಿಯಿದೆ. ಇದು ಮೊದಲಿನಿಂದಲೂ ಇದ್ದ ಸಾಲಲ್ಲ. ಇಂಗ್ಲೆಂಡಿನಲ್ಲಿ ಮೊದಲ ಡ್ಯೂಕ್ ಆದದ್ದು 1337ರಲ್ಲಿ. ಮೊದಲ ಮಾರ್ಕ್ವಿಸ್ 1385ರಲ್ಲಿ. ಮೊದಲ ವೈಕೌಂಟ್ 1440ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಮುಖ್ಯವಾಗಿ ಇದ್ದವರು ಅರ್ಲ್‌ಗಳು ಮತ್ತು ಬ್ಯಾರನ್‌ಗಳು. ಅವರ ಕೆಳಗೆ ಕುದುರೆ ಏರಿ ಯುದ್ಧ ಮಾಡುವ ನೈಟ್‌ಗಳು.

ಈ ಹೆಸರುಗಳೆಲ್ಲ ಮೊದಲು ಕೆಲಸದ ಹೆಸರುಗಳಾಗಿದ್ದವು. ಡ್ಯೂಕ್ ಎಂಬುದು ಲ್ಯಾಟಿನಿನ ‘ಡುಕ್ಸ್’ನಿಂದ ಬಂದದ್ದು, ಮುಂದೆ ನಿಂತು ನಡೆಸುವವನು ಎಂದರ್ಥ. ಫ್ರಾನ್ಸಿನ ಕೌಂಟ್ ಎಂದರೆ ರಾಜನ ಒಡನಾಡಿ. ವೈಕೌಂಟ್ ಎಂದರೆ ಅವನ ಬದಲಿಗೆ ಕೆಲಸ ನೋಡುವವನು. ಮಾರ್ಕ್ವಿಸ್ ಎಂದರೆ ಗಡಿ ಕಾಯುವವನು. ಇನ್ನು ನಮ್ಮ ‘ನಾಯಕ’ ಪದದ ಮೂಲವನ್ನು ಸಂಸ್ಕೃತದಲ್ಲಿ ಹುಡುಕಿದರೆ ಅಲ್ಲಿಯೂ ಮುಂದೆ ನಿಂತು ನಡೆಸುವವನೇ ಸಿಗುತ್ತಾನೆ. ಅರ್ಥದ ದೃಷ್ಟಿಯಿಂದ ಡ್ಯೂಕ್‌ನೂ ನಾಯಕನೂ ಒಂದೇ. ಪಾವಗಡದಂಥ ಗಡಿಸೀಮೆಯ ನಾಯಕನನ್ನು ಮಾರ್ಕ್ವಿಸ್ ಎಂದರೂ ತಪ್ಪಾಗದು.

ನಮ್ಮ ಸೀಮೆಯ ಮೆಟ್ಟಿಲುಗಳು ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಲ್ಲಿ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಆಳಿದ ಚೋಳ ಮನೆತನದವರು ಮಹಾಮಂಡಲೇಶ್ವರರೆಂದು ಕರೆಸಿಕೊಂಡರು. ವಿಜಯನಗರದ ಕಾಲಕ್ಕೆ ಬಂದರೆ ಅಮರನಾಯಕರು. ಮಧುಗಿರಿಯ ಒಡೆಯರು ಮಹಾನಾಡಪ್ರಭುಗಳು. ಊರಿಗೆ ಆಗ ಮದ್ದಗಿರಿ ಎಂದು ಹೆಸರು. ಕೊರಟಗೆರೆಯಲ್ಲಿ ಬೈರೇಗೌಡನ ಮನೆತನ. ಸಿರಾದ ಕೋಟೆಯನ್ನು ಕಟ್ಟಲು ತೊಡಗಿದವನು ರತ್ನಗಿರಿಯ ರಂಗಪ್ಪ ನಾಯಕ. ಪಾವಗಡದಲ್ಲಿ ಬಾಳಪ್ಪ ನಾಯಕನ ಸಂತತಿ. ವಿಜಯನಗರದ ಆಸರೆ ತಪ್ಪಿದ ಮೇಲೆ ಇವರೆಲ್ಲರಿಗೂ ಒಟ್ಟಾಗಿ ಅಂಟಿದ ಹೆಸರು ಪಾಳೆಯಗಾರ. ಪಾಳೆಯ ಎಂದರೆ ದಂಡು ಬೀಡುಬಿಟ್ಟ ಜಾಗ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಯೂರೋಪಿನಲ್ಲಿ ಬರಬರುತ್ತ ಪದವಿಗೆ ಹುಟ್ಟೇ ಅರ್ಹತೆಯಾಯಿತು. ಇಲ್ಲಿ ಬೇಡರು, ಒಕ್ಕಲಿಗರು, ಕುರುಬರು ಮುಂತಾದ ಬೇಸಾಯದ, ಬೇಟೆಯ, ಕುರಿಮಂದೆಯ ಮನೆಗಳಿಂದ ಬಂದವರು ಪಾಳೆಯಗಾರರಾದರು. ಬಂಡೆಯ ಮೇಲೆ ಕೋಟೆ ಕಟ್ಟಿ, ನೂರು ಜನ ಆಳುಗಳನ್ನು ಸಾಕುವ ಶಕ್ತಿಯಿದ್ದವನನ್ನು ಮೇಲಿನ ದೊರೆ ಒಪ್ಪಿಕೊಳ್ಳುತ್ತಿದ್ದ. ವಂಶಾವಳಿಯನ್ನು ಬರೆಸುವುದು ಆಮೇಲಿನ ಮಾತು.

ಮೇಲಿನವರಿಗೆ ಸಲ್ಲಬೇಕಾದದ್ದು

ಅಮರನಾಯಕನ ಕರ್ತವ್ಯವೇನೆಂಬುದನ್ನು ನೋಡಿ ಬರೆದಿಟ್ಟವನು ಒಬ್ಬ ಕುದುರೆ ವ್ಯಾಪಾರಿ. ಪೋರ್ಚುಗಲ್ಲಿನ ಫೆರ್ನಾವೊ ನ್ಯೂನಿಜ್, ಅಚ್ಯುತರಾಯನ ಕಾಲದಲ್ಲಿ, 1535ರಿಂದ 1537ರ ಸುಮಾರಿಗೆ ವಿಜಯನಗರದಲ್ಲಿದ್ದ. ವ್ಯಾಪಾರಿಯಾದ್ದರಿಂದ ಅವನ ಕಣ್ಣು ಲೆಕ್ಕದ ಮೇಲೆ. ಭೂಮಿಯೆಲ್ಲ ರಾಜನದು, ನಾಯಕರು ಅದನ್ನು ರಾಜನ ಕೈಯಿಂದ ಪಡೆದಿರುತ್ತಾರೆ, ಅಂಥವರು ಇನ್ನೂರಕ್ಕೂ ಹೆಚ್ಚು ಎಂದು ಅವನು ಹೇಳುತ್ತಾನೆ. ಅವರೆಲ್ಲರ ಒಟ್ಟು ಆದಾಯ ವರ್ಷಕ್ಕೆ 120 ಲಕ್ಷ ಚಿನ್ನದ ವರಹ. ಅದರಲ್ಲಿ 60 ಲಕ್ಷ ರಾಜನಿಗೆ ಸಲ್ಲುತ್ತಿತ್ತು. ಉಳಿದರ್ಧದಲ್ಲಿ ಸೈನ್ಯದ ಖರ್ಚು, ತಮ್ಮ ಖರ್ಚು.

ಅವನು ಕೊಡುವ ಉದಾಹರಣೆಗಳಲ್ಲಿ ಒಂದನ್ನು ನೋಡಬಹುದು. ಅತ್ಯಂತ ದೊಡ್ಡ ನಾಯಕನಾಗಿದ್ದ ಮಂತ್ರಿಯ ಆದಾಯ 11 ಲಕ್ಷ ವರಹ. ಅದರಲ್ಲಿ ಮೂರನೆಯ ಒಂದು ಪಾಲು ರಾಜನಿಗೆ. ಜೊತೆಗೆ 30,000 ಕಾಲಾಳು, 3,000 ಕುದುರೆ, 30 ಆನೆಗಳನ್ನು ಸದಾ ಸಿದ್ಧವಾಗಿಡಬೇಕು. ಪಾಲು ಕಳೆದು ಉಳಿಯುವುದು 7 ಲಕ್ಷದ 33 ಸಾವಿರ ಚಿಲ್ಲರೆ. ಅದನ್ನು ಬರಿಯ ಕಾಲಾಳುಗಳಿಗೆ ಹಂಚಿದರೂ ತಲೆಗೆ ವರ್ಷಕ್ಕೆ 24 ವರಹ, ತಿಂಗಳಿಗೆ ಎರಡು. ಕುದುರೆಗೆ ಹುರುಳಿ, ಆನೆಗೆ ಮೇವು, ಮಾವುತನ ಸಂಬಳ ಎಲ್ಲಿಂದ ಬರಬೇಕು? ಲೆಕ್ಕದಲ್ಲಿ ತೋರಿಸಿದಷ್ಟು ಆಳುಗಳನ್ನು ಇಟ್ಟುಕೊಳ್ಳದೆ ಉಳಿಸಿಕೊಳ್ಳುವ ಆಸೆ ನಾಯಕರಿಗೆ ಬಾರದಿರುತ್ತದೆಯೆ? ಅದಕ್ಕೇ ಸೈನ್ಯ ಪೂರ್ತಿಯಿಡದ ನಾಯಕನ ಆಸ್ತಿಯನ್ನು ರಾಜ ಕಿತ್ತುಕೊಳ್ಳಬಹುದಿತ್ತು.

ಕಪ್ಪ ಸಲ್ಲುವ ದಿನಗಳೂ ಗೊತ್ತಾಗಿದ್ದವು. ಮಹಾನವಮಿಯ ಒಂಬತ್ತು ದಿನ. ಇಂದು ನಾವು ಹಂಪಿಯ ಮಹಾನವಮಿ ದಿಬ್ಬದ ಮೇಲೆ ನಿಂತು ಶಿಲ್ಪ ನೋಡುತ್ತೇವೆ. ಆಗಿನ ನಾಯಕನಿಗೆ ಅದು ಹಬ್ಬವೂ ಹೌದು, ಕಂದಾಯದ ಕೊನೆಯ ದಿನವೂ ಹೌದು. ರಾಜಧಾನಿಯಲ್ಲಿ ಪ್ರತಿ ನಾಯಕನ ಪರವಾಗಿ ಒಬ್ಬ ಅಧಿಕಾರಿ ಇರುತ್ತಿದ್ದ. ಅರಮನೆಯಲ್ಲಿ ಏನು ನಡೆಯುತ್ತಿದೆಯೆಂದು ತನ್ನ ಒಡೆಯನಿಗೆ ಬರೆದು ತಿಳಿಸುವುದು ಅವನ ಕೆಲಸ.

ಇಂಗ್ಲೆಂಡಿನ ಬ್ಯಾರನ್ನನ ಹೊಣೆ ಇದಕ್ಕಿಂತ ಹಗುರ. ಒಂದು ಫೀಫಿಗೆ ಇಷ್ಟು ನೈಟ್‌ಗಳೆಂದು ಗೊತ್ತು ಮಾಡಿದ್ದರು. ಅವರ ಸೇವೆ ಸಾಮಾನ್ಯವಾಗಿ ವರ್ಷಕ್ಕೆ 40 ದಿನ. ನಲವತ್ತೊಂದನೆಯ ದಿನ ರಾಜನ ಯುದ್ಧ ಇನ್ನೂ ಮುಗಿಯದಿದ್ದರೆ ಅದು ರಾಜನ ಚಿಂತೆ. ಯುದ್ಧಕ್ಕೆ ಹೋಗಲು ಮನಸ್ಸಿಲ್ಲದವನು ಹಣ ಕಟ್ಟಬಹುದಾಗಿತ್ತು. ಅದಕ್ಕೆ ‘ಗುರಾಣಿ ಹಣ’ ಎಂದು ಹೆಸರು. ಇದಲ್ಲದೆ ರಾಜ ಶತ್ರುಗಳ ಕೈಗೆ ಸಿಕ್ಕಿದರೆ ಬಿಡಿಸಿಕೊಳ್ಳಲು, ಅವನ ಹಿರಿಯ ಮಗ ನೈಟ್ ಆದಾಗ, ಹಿರಿಯ ಮಗಳ ಮದುವೆಗೆ, ಹೀಗೆ ಮೂರು ಸಂದರ್ಭಗಳಲ್ಲಿ ಕಾಣಿಕೆ ಒಪ್ಪಿಸಬೇಕು. ಜಾನ್ ದೊರೆ ಈ ಮಿತಿಯನ್ನು ಮೀರಿ ಹಣ ಕೇಳತೊಡಗಿದಾಗಲೇ ಬ್ಯಾರನ್‌ಗಳು ತಿರುಗಿಬಿದ್ದದ್ದು. 1215ರ ಮ್ಯಾಗ್ನಾ ಕಾರ್ಟಾ ಆ ಜಗಳದ ಕೂಸು. ಆ ಮೂರು ಕಾಣಿಕೆಗಳ ಹೊರತು ಬೇರೆ ಹಣವನ್ನು ರಾಜ್ಯದ ಒಪ್ಪಿಗೆಯಿಲ್ಲದೆ ಕೇಳಕೂಡದೆಂದು ಅದರಲ್ಲಿ ಬರೆಸಿದರು. ಬ್ಯಾರನ್ ಸತ್ತಾಗ ಮಗ ಭೂಮಿಯನ್ನು ವಹಿಸಿಕೊಳ್ಳಲು ಕಟ್ಟಬೇಕಾದ ಹಣ 100 ಪೌಂಡು ಮಾತ್ರ ಎಂಬುದನ್ನೂ ಬರೆಸಿದರು. ಪ್ರಜಾಪ್ರಭುತ್ವದ ತಾಯಿಬೇರೆಂದು ಶಾಲೆಯಲ್ಲಿ ಓದುವ ಆ ಪತ್ರದ ಬಹುಭಾಗ ಹೀಗೆ ಕೊಡು-ಕೊಳ್ಳುವ ಲೆಕ್ಕವೇ ಆಗಿದೆ.

ನಮ್ಮ ನಾಯಕರು ಹಾಗೆ ಬರೆಸಿಕೊಳ್ಳಲಿಲ್ಲ. 1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತು ರಾಜಧಾನಿ ಪೆನುಕೊಂಡೆಗೆ ಬಂದಾಗ, ಕೇಳುವವರು ದುರ್ಬಲರಾದರು. ಕೊಡುವವರು ಕೊಡುವುದನ್ನು ಕಡಿಮೆ ಮಾಡಿದರು. ಪದವಿ ಅಪ್ಪನಿಂದ ಮಗನಿಗೆ ಹೋಗುವ ಆಸ್ತಿಯಾಯಿತು.

ಕೆಳಗಿನವರಿಗೆ ಸಲ್ಲಬೇಕಾದದ್ದು

ಇಲ್ಲಿಯವರೆಗಿನದು ಮೇಲಿನ ಕೊಂಡಿ. ಕೆಳಗಿನ ಕೊಂಡಿ ಯಾವುದು? ಒಕ್ಕಲಿನವನಿಗೆ ನಾಯಕನಿಂದ ಏನು ಸಲ್ಲುತ್ತಿತ್ತು?

ಮೊದಲು ಒಕ್ಕಲಿನವನು ಕೊಟ್ಟದ್ದನ್ನು ಹೇಳಬೇಕು. ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ರೈತರು ಒಡೆಯರಿಗೆ ಕೊಡುತ್ತಿದ್ದರೆಂದು ನ್ಯೂನಿಜ್ ಬರೆದಿದ್ದಾನೆ. ಇದು ಉತ್ಪ್ರೇಕ್ಷೆಯೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಹತ್ತು ಪಲ್ಲ ರಾಗಿ ಬೆಳೆದು ಒಂದೇ ಪಲ್ಲ ಮನೆಗೆ ತಂದವನು ಮುಂದಿನ ವರ್ಷ ಬಿತ್ತಲು ಬದುಕಿರುವುದಿಲ್ಲವಲ್ಲ! ಆದರೂ ಭಾರ ಹೆಚ್ಚಿತ್ತೆಂಬುದರಲ್ಲಿ ಅನುಮಾನವಿಲ್ಲ. ಕಂದಾಯದ ಜೊತೆಗೆ ಬಿಟ್ಟಿಯೂ ಇತ್ತು. ಯೂರೋಪಿನ ಜೀತದ ರೈತ ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲದಲ್ಲಿ ದುಡಿಯಬೇಕಾದಂತೆ ಇಲ್ಲಿಯೂ ಕೋಟೆಗೆ ಕಲ್ಲು ಹೊರಲು ಕೂಲಿ ಕೇಳುವಂತಿರಲಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವವರು ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟು ಕುಳಿತಾಗ, ಮೇಲಿನ ಬುರುಜಿನ ಒಂದೊಂದು ಕಲ್ಲನ್ನೂ ಒಬ್ಬರಲ್ಲ ಒಬ್ಬರು ಹೊತ್ತು ಸಾಗಿಸಿದರೆಂಬುದನ್ನು ನೆನೆಯಬೇಕು.

ಇಷ್ಟೆಲ್ಲ ಕೊಟ್ಟವನಿಗೆ ಬದಲಾಗಿ ಸಿಗಬೇಕಾದದ್ದು ಎರಡು. ಕಳ್ಳಕಾಕರಿಂದ, ದಂಡಿನಿಂದ ರಕ್ಷಣೆ ಒಂದು. ನೀರು ಇನ್ನೊಂದು. ಇಂಗ್ಲೆಂಡಿನ ಬ್ಯಾರನ್ನನಿಗೆ ಈ ಎರಡನೆಯ ಹೊಣೆ ಇರಲಿಲ್ಲ. ಅಲ್ಲಿ ಮಳೆ ವರ್ಷವಿಡೀ ಬರುತ್ತದೆ. ಮಳೆ ಕೈಕೊಡುವ ಪಾವಗಡದಂಥ ಸೀಮೆಯಲ್ಲಿ ಕೆರೆಯಿಲ್ಲದೆ ಊರಿಲ್ಲ, ಊರಿಲ್ಲದೆ ಕಂದಾಯವಿಲ್ಲ, ಕಂದಾಯವಿಲ್ಲದೆ ನಾಯಕನಿಲ್ಲ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸವೆಂದು ಶಾಸನಗಳು ಹೇಳುತ್ತವೆ. ಅದು ಜಾಣತನದ ಕೆಲಸವೂ ಆಗಿತ್ತು.

ಈ ಕೆಲಸ ಎಷ್ಟು ಶಾಸ್ತ್ರೀಯವಾಗಿ ನಡೆಯುತ್ತಿತ್ತೆಂಬುದಕ್ಕೆ ಹತ್ತಿರದಲ್ಲೇ ಎರಡು ಸಾಕ್ಷಿಗಳಿವೆ. 1388ರಲ್ಲಿ ಪೆನುಕೊಂಡೆಯಲ್ಲಿದ್ದ ವಿಜಯನಗರದ ರಾಜಕುಮಾರ ಪ್ರತಾಪ ಬುಕ್ಕರಾಯ, ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಗೆ ಹೆನ್ನೆ ಹೊಳೆಯ ನೀರನ್ನು ಪೆನುಕೊಂಡೆಗೆ ತರಬೇಕೆಂದು ಅಪ್ಪಣೆ ಮಾಡಿದ. ಹೆನ್ನೆ ಎಂದರೆ ನಾಗಲಮಡಿಕೆಯ ಪಕ್ಕದಲ್ಲಿ ಹರಿಯುವ ಉತ್ತರ ಪಿನಾಕಿನಿಯೇ. ಸಿಂಗಾಯಭಟ್ಟ ಸಿರುವೇರ ಕೆರೆಗೆ ಕಾಲುವೆ ತಂದ. ಎರಡನೆಯದು ಕಡಪ ಜಿಲ್ಲೆಯ ಪೊರುಮಾಮಿಳ್ಳ ಕೆರೆಯ 1369ರ ಶಾಸನ. ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಆ ಕೆರೆಗೆ ಸಾವಿರ ಜನ ಎರಡು ವರ್ಷ ದುಡಿದರಂತೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆಗಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡಿದೆ. ಗಟ್ಟಿ ಮಣ್ಣು, ಸಿಹಿನೀರಿನ ಹೊಳೆ, ಎರಡು ಗುಡ್ಡಗಳ ನಡುವೆ ಬಿಗಿಯಾದ ಏರಿ, ಹತ್ತಿರದಲ್ಲೇ ಕಲ್ಲಿನ ಗಣಿ, ಕೆಲಸ ಬಲ್ಲ ಆಳುಗಳು ಮುಂತಾದವು ಅಂಗಗಳು. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ಗದ್ದೆ ಹೆಚ್ಚಿರುವುದು ಮುಂತಾದವು ದೋಷಗಳು. ಇಂದಿನ ಎಂಜಿನಿಯರೂ ಇದನ್ನು ತಳ್ಳಿಹಾಕಲಾರ. ಆರು ದೋಷಗಳಲ್ಲಿ ಇನ್ನೊಂದು, ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಗಡಿಯ ಕೆರೆಯ ಹೊಣೆಯನ್ನು ಇಬ್ಬರೂ ಹೊರುವುದಿಲ್ಲವೆಂಬುದು ಆರುನೂರೈವತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು.

ಕೆರೆ ಕಟ್ಟಿಸಿದರಷ್ಟೇ ಸಾಲದು, ಉಳಿಸಿಕೊಳ್ಳಬೇಕು. ಅದಕ್ಕೂ ಭೂಮಿಯ ಲೆಕ್ಕವೇ. ಕೆರೆ ಕಟ್ಟಿದವನಿಗೂ ದುರಸ್ತಿ ನೋಡಿಕೊಳ್ಳುವವನಿಗೂ ಅಚ್ಚುಕಟ್ಟಿನಲ್ಲಿ ಭೂಮಿ ಬಿಡುತ್ತಿದ್ದರು. ಇದಕ್ಕೆ ಕಟ್ಟುಕೊಡಗೆ, ದಶವಂದ ಎಂದೆಲ್ಲ ಹೆಸರು. ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುವ ನೀರಗಂಟಿಗೂ ಒಂದು ತುಂಡು ಇನಾಮು, ಸುಗ್ಗಿಯಲ್ಲಿ ಕಣದಿಂದ ಧಾನ್ಯ. ನಾಯಕನಿಂದ ನೀರಗಂಟಿಯವರೆಗೆ ಎಲ್ಲರೂ ಒಂದೇ ಏಣಿಯ ಮೆಟ್ಟಿಲುಗಳು. ಎಲ್ಲರ ಪದವಿಯೂ ಭೂಮಿಗೆ ಕಟ್ಟಿದ್ದು; ಎಲ್ಲರ ಭೂಮಿಯೂ ಕೆಲಸಕ್ಕೆ ಕಟ್ಟಿದ್ದು.

ಏಣಿ ಮುರಿದ ಬಗೆ

ಏಣಿ ಮೇಲಿನಿಂದ ಮುರಿಯುತ್ತ ಬಂತು. ಬಿಜಾಪುರದ ರಣದುಲ್ಲಾಖಾನ್ 1638ರಲ್ಲಿ ಸಿರಾವನ್ನು ಹಿಡಿದ. 1687ರಲ್ಲಿ ಸಿರಾ ಮೊಗಲರ ಸುಬಾದ ಮುಖ್ಯ ಪಟ್ಟಣವಾಯಿತು. ಚಿಕ್ಕದೇವರಾಜ ಒಡೆಯರ ದಂಡು 1678ರಲ್ಲಿ ಮಧುಗಿರಿಯನ್ನು ಮೈಸೂರಿಗೆ ಸೇರಿಸಿತು. 1761ರಲ್ಲಿ ಸಿರಾ ಹೈದರಾಲಿಯ ಕೈಗೆ ಬಂದ ಮೇಲೆ ಸುತ್ತಲಿನ ಪಾಳೆಯಗಾರರಿಗೆ ಉಳಿಗಾಲವಿರಲಿಲ್ಲ. ಅವರ ಕೋಟೆಗಳು ಸೆರೆಮನೆಗಳಾದವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯ ಈ ಬೆಟ್ಟದ ಮೇಲೆಯೇ. ಅವಳನ್ನು 1767ರಲ್ಲಿ ಬಿಡಿಸಿದವರು ಮರಾಠರು. 1799ರಲ್ಲಿ ಟಿಪ್ಪು ಮಡಿದ ಮೇಲೆ ದಿವಾನ್ ಪೂರ್ಣಯ್ಯ ಕೆಲವು ಪಾಳೆಯಗಾರರಿಗೆ ಪಿಂಚಣಿ ಕೊಟ್ಟು, ಅವರ ಆಳುಗಳನ್ನು ಕಂದಾಚಾರವೆಂಬ ಕಾವಲು ದಳಕ್ಕೆ ಸೇರಿಸಿಕೊಂಡ. ಕತ್ತಿ ಹಿಡಿದವನು ಸಂಬಳದ ಪೇದೆಯಾದ.

ಏಣಿಯ ಕೆಳಗಿನ ಮೆಟ್ಟಿಲುಗಳು ಇನ್ನೂ ಒಂದೂವರೆ ಶತಮಾನ ಉಳಿದವು. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಇವರ ಕೆಲಸ ವಂಶಪಾರಂಪರ್ಯವಾಗಿಯೇ ನಡೆಯಿತು. 1961ರ ಗ್ರಾಮಾಧಿಕಾರಿಗಳ ಹುದ್ದೆ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಅದೂ ಮುಗಿಯಿತು. ಹುಟ್ಟಿನಿಂದ ಬರುವ ಅಧಿಕಾರ ಹೋಗಲೇಬೇಕಿತ್ತು. ತೋಟಿಯ ಮಗ ತೋಟಿಯೇ ಆಗಬೇಕೆಂಬ ಕಟ್ಟು ಹರಿದದ್ದು ಸಣ್ಣ ಸಂಗತಿಯಲ್ಲ. ಆ ವಿಷಯದಲ್ಲಿ ಎರಡು ಮಾತಿಲ್ಲ.

ಎರಡನೆಯ ಮಾತು ಬರುವುದು ನೀರಗಂಟಿಯ ವಿಷಯದಲ್ಲಿ. ಹುದ್ದೆ ರದ್ದಾಯಿತು, ಇನಾಮು ಭೂಮಿ ಹಕ್ಕಿನ ಭೂಮಿಯಾಯಿತು. ತೂಬು ಅಲ್ಲಿಯೇ ಉಳಿಯಿತು. ಅದನ್ನು ತೆಗೆಯುವವರು, ಮುಚ್ಚುವವರು, ಏರಿಯ ಮೇಲೆ ಬೆಳೆದ ಗಿಡ ಕೀಳುವವರು ಯಾರು? ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಜಿಲ್ಲಾ ಪಂಚಾಯಿತಿ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ ಎಂಬುದು ಕಾಗದದ ಮೇಲಿನ ಉತ್ತರ. ರಾಜ್ಯದಲ್ಲಿ ಕೆರೆಗಳ ಸಂಖ್ಯೆ ಸುಮಾರು 36 ಸಾವಿರ ಎನ್ನುತ್ತಾರೆ. ಮಳೆ ಹೊಯ್ಯುವ ನಡುರಾತ್ರಿ ಅಷ್ಟೂ ಏರಿಗಳ ಮೇಲೆ ಕಂದೀಲು ಹಿಡಿದು ಓಡಾಡಲು ಯಾವ ಕಚೇರಿಯಿಂದಲೂ ಆಗದು. 2000ದ ನಂತರ ವಿಶ್ವಬ್ಯಾಂಕಿನ ನೆರವಿನಿಂದ ಬಂದ ಜಲಸಂವರ್ಧನೆ ಯೋಜನೆ, ಊರೂರಿನಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿ ಈ ಕೆಲಸವನ್ನು ಮತ್ತೆ ಊರಿನವರ ಕೈಗೆ ಕೊಡಲು ನೋಡಿತು. ಹೊಣೆ ಎಲ್ಲಿ ತಪ್ಪಿತೆಂಬುದು ಸರಿಯಾಗಿ ಅರ್ಥವಾದ ಮೇಲೆ ಮಾಡಿದ ಪ್ರಯತ್ನ ಅದು.

ಇಂಗ್ಲೆಂಡಿನಲ್ಲಿ ನಡೆದದ್ದು ಇದಕ್ಕೆ ಪೂರಾ ತಿರುವುಮುರುವು. 1660ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ, ಭೂಮಿಗೆ ಬದಲಾಗಿ ರಾಜನಿಗೆ ಸಲ್ಲಿಸಬೇಕಾದ ಸೈನಿಕ ಸೇವೆಯನ್ನೂ ಅದಕ್ಕೆ ಸೇರಿದ ಕಾಣಿಕೆಗಳನ್ನೂ ತೆಗೆದುಹಾಕಿತು. ಭೂಮಿ ಒಡೆಯರಲ್ಲೇ ಉಳಿಯಿತು, ಪದವಿಯೂ ಉಳಿಯಿತು. ರಾಜನಿಗೆ ಆದ ನಷ್ಟ ತುಂಬಲು ಬಿಯರು, ಸೈಡರು, ಚಹ, ಕಾಫಿಗಳ ಮೇಲೆ ಸುಂಕ ಹಾಕಿದರು. ಒಡೆಯ ಹೊರುತ್ತಿದ್ದ ಭಾರ ಬಿಯರು ಕುಡಿಯುವ ಕೂಲಿಯವನ ಹೆಗಲಿಗೆ ಬಂತು. ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯಲ್ಲಿ ಹುಟ್ಟಿನ ಹಕ್ಕಿನಿಂದ ಕೂರುವವರಲ್ಲಿ 92 ಮಂದಿಯನ್ನು ಬಿಟ್ಟು ಉಳಿದವರನ್ನು ಎಬ್ಬಿಸಲು 1999ರವರೆಗೆ ಕಾಯಬೇಕಾಯಿತು. ಅಲ್ಲಿ ಹೊಣೆ ಹೋಗಿ ಪದವಿ ಉಳಿಯಿತು. ಇಲ್ಲಿ ಪದವಿ ಹೋಗುವಾಗ ಹೊಣೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಹಳೆಯ ಪ್ರಶ್ನೆ, ಹೊಸ ಭೂಮಿ

ಇದು ಇತಿಹಾಸದ ಪುಸ್ತಕಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕು ಎದ್ದಿದೆ. ಭೂಮಿಯನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಬಾಡಿಗೆ, ಕಾಲಕಾಲಕ್ಕೆ ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡ ರೈತನಿಗೆ ಇದು ಆಸರೆಯೇ. ಮೇಲಿನ ಕೊಂಡಿ ಭದ್ರವಾಗಿದೆ. ಕರಾರು ಪತ್ರದಲ್ಲಿ ಎಲ್ಲವೂ ಅಕ್ಷರದಲ್ಲಿದೆ. ಅದೇ ಹೊಲಗಳಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿಯವರು ಮಾತ್ರ ಆ ಪತ್ರದಲ್ಲಿ ಯಾರ ಪಾಲಿಗೂ ಸೇರಿಲ್ಲ. ಭೂಮಿಯಿಂದ ಉಣ್ಣುವವನಿಗೆ ಕೆಳಗಿನವರ ವಿಷಯದಲ್ಲಿ ಏನಾದರೂ ಹೊಣೆಯಿದೆಯೆ ಎಂಬ ಹಳೆಯ ಪ್ರಶ್ನೆ ಗಾಜಿನ ಫಲಕಗಳ ಕೆಳಗೆ ಹಾಗೆಯೇ ಬಿದ್ದುಕೊಂಡಿದೆ.

ಇಂದು ಯಾರಾದರೂ ದರ್ಪ ತೋರಿಸಿದರೆ ‘ಇದೇನು ಪಾಳೆಯಗಾರಿಕೆಯೆ?’ ಎಂದು ಕೇಳುತ್ತೇವೆ. ಆ ಮಾತಿನಲ್ಲಿ ಸತ್ಯವಿದೆ. ಕಲ್ಲು ಹೊತ್ತವರ ಮೊಮ್ಮಕ್ಕಳಿಗೆ ಹಾಗೆ ಕೇಳುವ ಹಕ್ಕೂ ಇದೆ. ನಾಯಕನ ದರ್ಪ ನಮ್ಮ ಮಾತಿನಲ್ಲಿ ಉಳಿಯಿತು, ಅವನ ಹೊಣೆ ಉಳಿಯಲಿಲ್ಲ. ಯಾವುದೇ ಪದವಿಯನ್ನು ತೆಗೆಯುವ ಮುಂಚೆ, ಅದಕ್ಕೆ ಯಾವ ಯಾವ ಕೆಲಸ ಕಟ್ಟಿತ್ತೆಂದು ಪಟ್ಟಿ ಮಾಡಿ, ಒಂದೊಂದರ ಮುಂದೂ ಒಂದು ಹೆಸರು ಬರೆಯುವುದು ಒಳ್ಳೆಯದು. ಹೊಸ ಹೆಸರು ಪಂಚಾಯಿತಿಯದಾಗಲಿ, ಸಂಘದ್ದಾಗಲಿ, ಕಂಪನಿಯದಾಗಲಿ, ಖಾಲಿ ಮಾತ್ರ ಬಿಡಬಾರದು. ಖಾಲಿ ಬಿಟ್ಟ ಜಾಗದಲ್ಲಿ ಮೊದಲು ಬೆಳೆಯುವುದು ಕೆರೆಯಂಗಳದ ಜಾಲಿ.

ಬಸ್ಸಿನ ಬೋರ್ಡಿನ ಮೇಲಿನ ‘ಎನ್’ ಅಕ್ಷರ ಅಷ್ಟನ್ನು ನೆನಪಿಸಿದರೆ ಸಾಕು.